ಹೃದಯ ಕಾಯದ ಗುಳಿಗೆಗಳು

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಭೀತಿ ಅತಿಯಾಗಿದ್ದಿರಬಹುದು, ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಎಚ್ಚರ ತಪ್ಪಲ್ಲ. ತೊಡಕು ಶುರುವಾಗುವುದು ವರದಿ ಕೈಗೆ ಬಂದ ಮೇಲೆ. ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ‘ಒಮ್ಮೆ ಹಿಡಿದರೆ ಬಿಡುವಂತಿಲ್ಲ’ ಎಂದು ಅಂಜಿ ದೂರವಿಡುವ ಸುಶಿಕ್ಷಿತರೇ, ‘ಆಂಟಿ ಆಕ್ಸಿಡೆಂಟ್’ ಎಂಬ ಹಣೆಪಟ್ಟಿಯ ಗುಳಿಗೆಯನ್ನು ಯಾರನ್ನೂ ಕೇಳದೆ ಕೊಂಡು ನುಂಗುವುದುಂಟು.

ಈ ಗುಳಿಗೆಗಳ ಹಿಂದಿನ ತರ್ಕ ಪೊಳ್ಳಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಕೊಲೆಸ್ಟೆರಾಲನ್ನು ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳು ಅಪಧಮನಿಯ ಒಳಪದರದಲ್ಲಿ ಸಿಕ್ಕಿಕೊಂಡು ಉತ್ಕರ್ಷಣೆಗೆ ಒಳಗಾಗುತ್ತವೆ. ಅವನ್ನು ಕಬಳಿಸಲು ಬಂದ ರಕ್ಷಕ ಕೋಶಗಳು ಕೊಬ್ಬು ತುಂಬಿಕೊಂಡು ಅಲ್ಲೇ ಬೀಡುಬಿಡುತ್ತವೆ, ನಾಳ ಕಿರಿದಾಗತೊಡಗುತ್ತದೆ. ಅಮೆರಿಕದ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಈ ವಾದವನ್ನು ವ್ಯವಸ್ಥಿತವಾಗಿ ಮಂಡಿಸಿದರು. ಹಾಗಿದ್ದರೆ ಉತ್ಕರ್ಷಣೆಯನ್ನು ತಡೆಯುವ ಜೀವಸತ್ವಗಳು ನಾಳಗಳನ್ನು ಕಾಯಬೇಕಲ್ಲವೇ? ‘ಇ’ ಜೀವಸತ್ವ ಸೇವಿಸುವವರಲ್ಲಿ ಹೃದ್ರೋಗ ಕಡಿಮೆ ಎಂದು 1993ರಲ್ಲಿ ಅಲ್ಲಿನ ಎರಡು ದೊಡ್ಡ ಸಮೀಕ್ಷೆಗಳು ಹೇಳಿದವು. ಆದರೆ ಇಂಥ ಗುಳಿಗೆ ತೆಗೆದುಕೊಳ್ಳುವವರು ಸಾಮಾನ್ಯವಾಗಿ ನಡಿಗೆ, ಪಥ್ಯಗಳಲ್ಲೂ ಶ್ರದ್ಧೆಯುಳ್ಳವರು. ಫಲ ಗುಳಿಗೆಯದೋ ಶ್ರದ್ಧೆಯದೋ ಎಂಬುದನ್ನು ಸಮೀಕ್ಷೆಯೊಂದೇ ನಿರ್ಣಯಿಸಲಾರದು.

ನಿರ್ಣಯಿಸಿದ್ದು, ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪ್ರಯೋಗಗಳು. ಅವುಗಳಲ್ಲಿ ಮುಖ್ಯವಾದುದು 2002ರಲ್ಲಿ ಫಲಿತಾಂಶ ಪ್ರಕಟವಾದ ಬ್ರಿಟನ್ನಿನ ‘ಹಾರ್ಟ್ ಪ್ರೊಟೆಕ್ಷನ್ ಸ್ಟಡಿ’. ಹೃದ್ರೋಗದ ಅಪಾಯ ಹೆಚ್ಚಿದ್ದ 20,536 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನವೂ 600 ಮಿಲಿಗ್ರಾಂ ‘ಇ’, 250 ಮಿಲಿಗ್ರಾಂ ‘ಸಿ’, 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್. ಉಳಿದವರಿಗೆ ಹುಸಿ ಮಾತ್ರೆ. ಐದು ವರ್ಷಗಳ ಬಳಿಕ ಹೃದಯಾಘಾತದಲ್ಲಾಗಲಿ, ಪಾರ್ಶ್ವವಾಯುವಿನಲ್ಲಾಗಲಿ, ಸಾವಿನಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ಜನರ ಮೇಲೆ, ಅದೇ ಅವಧಿಯಲ್ಲಿ ಸಿಮ್ವಾಸ್ಟ್ಯಾಟಿನ್ ಎಂಬ ಮಾತ್ರೆಯನ್ನೂ ಪರೀಕ್ಷಿಸಲಾಗಿತ್ತು. ಅದು ಹೃದಯ ಮತ್ತು ರಕ್ತನಾಳಗಳ ದೊಡ್ಡ ಅನಾಹುತಗಳನ್ನು ಸುಮಾರು ಕಾಲುಭಾಗ ತಗ್ಗಿಸಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಯಿತು.

ನಿಷ್ಪ್ರಯೋಜಕವಾದರೂ ನಿರಪಾಯಕಾರಿ ಎನ್ನೋಣವೆಂದರೆ ಅದೂ ಪೂರ್ತಿ ನಿಜವಲ್ಲ. ಫಿನ್ಲೆಂಡಿನ 29,133 ಪುರುಷ ಧೂಮಪಾನಿಗಳ ಮೇಲಿನ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಸೇವಿಸಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿ ಬಂದುದು 1994ರಲ್ಲೇ ವರದಿಯಾಗಿತ್ತು. ಹೃದ್ರೋಗ ಹಾಗೂ ಕ್ಯಾನ್ಸರ್ ತಡೆಗಾಗಿ ‘ಇ’ ಜೀವಸತ್ವವನ್ನಾಗಲಿ ಬೀಟಾ ಕ್ಯಾರೊಟಿನ್ನನ್ನಾಗಲಿ ತೆಗೆದುಕೊಳ್ಳಬೇಡಿ ಎಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಸ್ಪಷ್ಟವಾಗಿ ಹೇಳಿತು. (ಇದು ನೆಲ್ಲಿಕಾಯಿ, ನುಗ್ಗೆಸೊಪ್ಪಿನ ವಿರುದ್ಧದ ತೀರ್ಪಲ್ಲ, ಪ್ರಯೋಗಕ್ಕೆ ಒಳಗಾದದ್ದು ಗುಳಿಗೆ, ಊಟವಲ್ಲ.)

ಸ್ಟ್ಯಾಟಿನ್ ಗೆದ್ದ ಬಗೆ ಸರಳವಾದುದು. ಅದು ಯಕೃತ್ತಿನಲ್ಲಿ ಕೊಲೆಸ್ಟೆರಾಲ್ ತಯಾರಾಗುವುದನ್ನು ತಡೆಯುತ್ತದೆ. ಕೊರತೆ ತುಂಬಿಕೊಳ್ಳಲು ಯಕೃತ್ತು ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹೆಚ್ಚೆಚ್ಚು ಸೆಳೆದುಕೊಳ್ಳುತ್ತದೆ. ನಾಳಕ್ಕೆ ನುಗ್ಗುವ ಕಣಗಳೇ ಕಡಿಮೆಯಾದ ಮೇಲೆ ಉತ್ಕರ್ಷಣೆಗೊಳ್ಳಲು ಉಳಿಯುವುದೆಷ್ಟು? ಸ್ಟ್ಯಾಟಿನ್‌ನಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ, ಮಧುಮೇಹದ ಸಾಧ್ಯತೆಯೂ ತುಸು ಏರುತ್ತದೆ. ಇವನ್ನು ವೈದ್ಯರೊಡನೆ ಚರ್ಚಿಸಬೇಕೇ ಹೊರತು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಸಲ್ಲದು.

ವೈಜ್ಞಾನಿಕವಾಗಿ ಸೋತ ಗುಳಿಗೆ ಮಾರುಕಟ್ಟೆಯಲ್ಲಿ ಗೆಲ್ಲುತ್ತಿರುವುದಕ್ಕೆ ಕಾನೂನಿನ ಪಾಲೂ ಇದೆ. ಹೊಸ ಔಷಧಿ ಮಾರಾಟಕ್ಕೆ ಬರುವ ಮುನ್ನ ತನ್ನ ಪರಿಣಾಮವನ್ನು ಸಾಬೀತುಪಡಿಸಬೇಕು. ಪೂರಕ ಗುಳಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಬರುವ ಆಹಾರ. ಹೃದಯಾಘಾತ ತಪ್ಪಿಸುತ್ತದೆಂದು ಅದು ಪ್ರಯೋಗದ ಮೂಲಕ ತೋರಿಸಬೇಕಾಗಿಲ್ಲ. ‘ಔಷಧಿಯಾಗಿ ಬಳಸಲು ಅಲ್ಲ’ ಎಂಬರ್ಥದ ಒಂದು ಸಾಲು ಡಬ್ಬಿಯ ಮೇಲಿದ್ದರೆ ಆಯಿತು. ಆ ಸಾಲು ಕನ್ನಡದಲ್ಲಿ ಇರಲೇಬೇಕೆಂದಿಲ್ಲ. ಇಂಗ್ಲಿಷ್ ಅಥವಾ ಹಿಂದಿ ಸಾಕು. ಅದನ್ನು ಆಯಾ ರಾಜ್ಯದ ಭಾಷೆಯಲ್ಲಿ, ಗುಳಿಗೆಯ ಹೆಸರಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವಂತೆ ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ, ನಿಯಮಾವಳಿಯ ತಿದ್ದುಪಡಿ ಸಾಕು.