ಎಳೆಯ ಮಕ್ಕಳೂ ತಂದೆತಾಯಿಗಳ ಪಕ್ಷವೂ

ತಂದೆತಾಯಿಗಳು ತಮ್ಮ ರಾಜಕೀಯ ಅಭಿಪ್ರಾಯಗಳನ್ನು ಎಳೆಯ ಮಕ್ಕಳಿಗೆ ಕಲಿಸಬಹುದೇ ಎಂಬ ಪ್ರಶ್ನೆಗೆ ನಮ್ಮ ಕುಡುಮಲಕುಂಟೆಯ ಸೀಮೆಯವರು ದೂರದ ಉದಾಹರಣೆಯನ್ನು ಅರಸಬೇಕಾದುದಿಲ್ಲ. ಇದೇ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು, ಕಾಂಗ್ರೆಸ್ಸಿನ ಧ್ವಜಕ್ಕಾಗಿ ನಿಷೇಧವನ್ನು ಮೀರಿ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸುಮಾರು 10 ಮಂದಿಯೆಂದು ಸರ್ಕಾರ ಹೇಳಿತು. 30ಕ್ಕೂ ಮಿಕ್ಕಿ ಎಂದು ಜನರು ಹೇಳಿದರು.

ಸ್ಮಾರಕದೆದುರು ನಿಂತ ಎಂಟು ವರ್ಷದ ಬಾಲೆಯು "ಅಮ್ಮಾ, ಏಕೆ ಹೊಡೆದರು?" ಎಂದು ಕೇಳಿದರೆ ತಾಯಿಯು ಸುಮ್ಮನಿರುವುದು ನ್ಯಾಯವಲ್ಲ. ಧ್ವಜವನ್ನೇರಿಸಲು ಬಂದವರ ಹಂಬಲವನ್ನೂ, ಬೇಡವೆಂದ ಸರ್ಕಾರದ ಅಂಜಿಕೆಯನ್ನೂ, ಆ ಎರಡು ಲೆಕ್ಕಗಳನ್ನೂ ತಿಳಿಸಲಿ. ಅದು ಅನ್ಯಾಯವೆಂದು ತನಗೆ ತೋರಿದರೆ ಮರೆಮಾಚದೆ, "ಇದು ನನ್ನ ಎಣಿಕೆ" ಎಂದೇ ಹೇಳಲಿ. ಕೈಸರನ ತೆರಿಗೆಯ ವಿಷಯ ಕೇಳಿದವರಿಗೆ ನಮ್ಮ ಕರ್ತನು ಮೊದಲು ನಾಣ್ಯವನ್ನು ತರಿಸಿ, ಅದರ ಮೇಲಿರುವ ರೂಪ ಯಾರದೆಂದು ಅವರನ್ನೇ ಕೇಳಲಿಲ್ಲವೇ?

ಆದರೆ ಮನೆಗೆ ಹಿಂದಿರುಗುವ ದಾರಿಯಲ್ಲೇ, ಈಗಿನ ಪಕ್ಷಗಳಲ್ಲಿ ನಮ್ಮದು ಯಾವುದು, ನೆರೆಮನೆಯವರು ಏತಕ್ಕೆ ಕೆಟ್ಟವರು ಎಂಬ ಪಾಠವು ಆರಂಭವಾಗುವುದುಂಟು. ಇದಕ್ಕೆ ನನ್ನ ಸಮ್ಮತಿಯಿಲ್ಲ. ಚುನಾವಣೆಯ ಕಾಲದಲ್ಲಿ ಪಕ್ಷದ ಚಿಹ್ನೆಯನ್ನು ಅಂಗಿಗೆ ಚುಚ್ಚಿಸಿಕೊಂಡ ಮಗುವು ಕಲಿಯುವುದು ರಾಜಕೀಯವನ್ನಲ್ಲ, ಯಾರೊಡನೆ ಆಡಬಾರದೆಂಬುದನ್ನು. ಮತಕ್ಕಾಗಿ ಕಾನೂನೇ 18 ವರ್ಷ ಕಾಯುತ್ತದೆ. ತಂದೆಗೆ ಅಷ್ಟು ತಾಳ್ಮೆ ಬೇಡವೇ?

ಮನೆಯ ಮಾತು ಮಕ್ಕಳ ಕಿವಿಗೆ ಬೀಳದಿರುವುದೇ ಎನ್ನುವಿರಿ. ಬೀಳಲಿ; ಗಂಡಹೆಂಡಿರು ಭಿನ್ನಾಭಿಪ್ರಾಯವಿಟ್ಟುಕೊಂಡೇ ಒಟ್ಟಿಗೆ ಉಣ್ಣುವುದೂ ಕಣ್ಣಿಗೆ ಬೀಳಲಿ. ಗುಂಡಿನ ಮರುತಿಂಗಳೇ, 1938ರ ಮೇ ತಿಂಗಳಿನಲ್ಲಿ, ಸಂಸ್ಥಾನದ ಧ್ವಜವೂ ಕಾಂಗ್ರೆಸ್ಸಿನ ಧ್ವಜವೂ ಜೊತೆಯಾಗಿ ಹಾರಬಹುದೆಂದು ಹಿರಿಯರು ಒಪ್ಪಂದ ಮಾಡಿಕೊಂಡರು. ಏಪ್ರಿಲ್ಲಿನಲ್ಲಿ ದ್ವೇಷವನ್ನು ಕಲಿತಿದ್ದ ಮಗುವಿಗೆ ಆ ಒಪ್ಪಂದವನ್ನು ಯಾರು ತಿಳಿಸಿದರೋ!