ಹೆಸರು ಬದಲಾಯಿಸಿದ್ರೆ ಹೊಟ್ಟೆ ತುಂಬುತ್ತಾ ಅನ್ನೋರಿಗೆ



ಒಂದು ಬೀದಿ, ಒಂದು ಹಾಸ್ಟೆಲ್, ಒಂದು ಮೈದಾನದ ಹೆಸರು ಬದಲಾಗಲಿ ಅಂತ ನಾವು ಬಾಯಿ ತೆರೆದರೆ ಸಾಕು, "ಹೆಸರು ಬದಲಾಯಿಸಿದ್ರೆ ಹೊಟ್ಟೆ ತುಂಬುತ್ತಾ?" ಅಂತ ಕೇಳ್ತಾರೆ. ಕೇಳೋರ ಹೊಟ್ಟೆ ಯಾವಾಗ್ಲೂ ತುಂಬಿರುತ್ತೆ, ಅದು ಬೇರೆ ಮಾತು. ಅವರಿಗೆ ಇವತ್ತು ಜರ್ಮನಿಯ ಹ್ಯಾಂಬರ್ಗ್‌ನ ಒಂದು ಸ್ಟೇಡಿಯಂ ಕತೆ ಹೇಳ್ತೀನಿ.

ಸೇಂಟ್ ಪೌಲಿ ಅಂತ ಒಂದು ಕ್ಲಬ್. ಹುಟ್ಟಿದ್ದು 1910ರಲ್ಲಿ, ಬಂದರಿನ ಪಕ್ಕದ ಬಡಾವಣೆಯಲ್ಲಿ. ಜರ್ಮನಿಯ ಚಾಂಪಿಯನ್ ಪಟ್ಟ ಒಮ್ಮೆಯೂ ಗೆದ್ದಿಲ್ಲ. ತಲೆಬುರುಡೆ ಬಾವುಟದ ಟೀ ಶರ್ಟ್ ಹಾಕ್ಕೊಂಡು ಓಡಾಡೋ ನಮ್ಮ ಕೆಲವು ಹುಡುಗರಿಗೆ ಗೊತ್ತಿರುತ್ತೆ. ಅವರ ಈಗಿನ ಸ್ಟೇಡಿಯಂ 1961ರದ್ದು. 1970ರಲ್ಲಿ ಅದಕ್ಕೆ ವಿಲ್ಹೆಲ್ಮ್ ಕೋಖ್ ಅಂತ ಹೆಸರಿಟ್ಟರು. ಕೋಖ್ ಯಾರು? ಆ ಕ್ಲಬ್ಬಿನ ಹಳೇ ಗೋಲ್‌ಕೀಪರ್, ಆಮೇಲೆ ದಶಕಗಳ ಕಾಲ ಅಧ್ಯಕ್ಷ. ಕ್ಲಬ್ಬಿಗೆ ಜೀವ ತೇದ ಮನುಷ್ಯ. ಇಲ್ಲಿವರೆಗೆ ಎಲ್ಲಾ ಸರಿ.

1990ರ ದಶಕದ ಕೊನೆಗೆ ಹಳೇ ಕಡತ ಹೊರಗೆ ಬಂತು. ಈ ಮನುಷ್ಯ 1937ರಲ್ಲಿ ನಾತ್ಸಿ ಪಕ್ಷದ ಸದಸ್ಯತ್ವ ತಗೊಂಡಿದ್ದ. ಅಷ್ಟೇ ಅಲ್ಲ. ಅವನು ಕೆಲಸಕ್ಕಿದ್ದ ಚರ್ಮದ ವ್ಯಾಪಾರದ ಕಂಪನಿ ಯಹೂದಿಗಳದ್ದು. ಹಿಟ್ಲರ್ ಬಂದ ವರ್ಷವೇ ಮಾಲೀಕರು ಸ್ವೀಡನ್‌ಗೆ ಹೊರಟುಹೋದರು, ಕಂಪನಿ ಕೋಖ್ ಮತ್ತು ಅವನ ಜೊತೆಗಾರನ ಕೈಗೆ ಬಂತು.

ಆಗ ಅಲ್ಲೂ ನಮಗೆ ಚೆನ್ನಾಗಿ ಪರಿಚಯ ಇರೋ ಸಮರ್ಥನೆಗಳೇ ಎದ್ದವು. ಆತ ದೊಡ್ಡ ನಾತ್ಸಿ ಏನಲ್ಲ, ಕಾಲ ಹಾಗಿತ್ತು, ಕ್ಲಬ್ಬಿಗೆ ಎಷ್ಟು ಮಾಡಿದ್ದಾನೆ ನೋಡಿ. ಮೊದಲನೆಯದು ನಿಜವೇ ಇರಬಹುದು. ಗಲ್ಲಿಗೇರಿಸೋ ಮಾತು ಯಾರೂ ಆಡಿರಲಿಲ್ಲವಲ್ಲ! ಕೇಳಿದ್ದು ಇಷ್ಟೇ: ಓಡಿಹೋದವರ ಅಂಗಡಿಯ ಬೀಗದ ಕೈ ಜೇಬಿಗೆ ಹಾಕ್ಕೊಂಡವನ ಹೆಸರಿನ ಕೆಳಗೆ ನಮ್ಮ ಮಕ್ಕಳು ಯಾಕೆ ನಡೆದು ಒಳಗೆ ಹೋಗಬೇಕು? 1998ರ ವಾರ್ಷಿಕ ಸಭೆಯಲ್ಲಿ ಸದಸ್ಯರು ಮತ ಹಾಕಿ ಆ ಹೆಸರು ಕಿತ್ತರು. ಇನ್ನೊಬ್ಬ ದೊಡ್ಡ ಮನುಷ್ಯನ ಹೆಸರೂ ತರಲಿಲ್ಲ. ಆ ಜಾಗದ ಹೆಸರನ್ನೇ ಇಟ್ಟರು, ಮಿಲ್ಲರ್ನ್‌ಟೋರ್. 2004ರಲ್ಲಿ ನಾತ್ಸಿಗಳಿಂದ ಹಿಂಸೆಗೆ, ಕೊಲೆಗೆ ಗುರಿಯಾದ ಕ್ಲಬ್ಬಿನ ಸದಸ್ಯರ ನೆನಪಿಗೆ ಸ್ಟೇಡಿಯಂ ಹೊರಗೆ ಸ್ಮಾರಕ ನಿಲ್ಲಿಸಿದರು. ಪಕ್ಕದಲ್ಲೇ 1942ರಲ್ಲಿ ಜೀತದಾಳುಗಳ ಕೈಲಿ ಕಟ್ಟಿಸಿದ ದೈತ್ಯ ಕಾಂಕ್ರೀಟ್ ಬಂಕರ್ ಇವತ್ತಿಗೂ ನಿಂತಿದೆ. ಅಲ್ಲಿ ಮರೆತೆ ಅನ್ನೋಕೆ ಆಗಲ್ಲ.

ಮರೆಸೋರು ಇದ್ದೇ ಇರ್ತಾರೆ ಬಿಡಿ. ಆ ಸ್ಟೇಡಿಯಂ ಸ್ಟ್ಯಾಂಡ್ ಮೇಲೆ "ಫ್ಯಾಸಿಸ್ಟರಿಗೆ ಫುಟ್‌ಬಾಲ್ ಇಲ್ಲ" ಅಂತ ದೊಡ್ಡದಾಗಿ ಬರೆದಿದೆ. 2014ರಲ್ಲಿ ಜರ್ಮನಿಯ ರಾಷ್ಟ್ರೀಯ ತಂಡ ಅಲ್ಲಿ ಅಭ್ಯಾಸಕ್ಕೆ ಬಂದಾಗ ಫುಟ್‌ಬಾಲ್ ಸಂಸ್ಥೆಯವರು "ಫ್ಯಾಸಿಸ್ಟರಿಗೆ" ಅನ್ನೋ ಪದಕ್ಕೆ ಬಟ್ಟೆ ಮುಚ್ಚಿದರು. ಉಳಿದಿದ್ದು "ಫುಟ್‌ಬಾಲ್ ಇಲ್ಲ"! ತಟಸ್ಥರ ತಟಸ್ಥತೆ ಯಾವಾಗ್ಲೂ ಹೀಗೇ, ಮುಚ್ಚೋದು ದಬ್ಬಾಳಿಕೆ ಮಾಡಿದವರ ಹೆಸರನ್ನೇ.

ಈಗ ಹೊಟ್ಟೆ ವಿಷಯಕ್ಕೆ ಬರೋಣ. ಹೆಸರು ಕಿತ್ತವರು ಅಲ್ಲಿಗೆ ನಿಲ್ಲಲಿಲ್ಲ. ಸ್ಟೇಡಿಯಂ ಹೆಸರನ್ನ ಕಂಪನಿಗಳಿಗೆ ಮಾರಲ್ಲ ಅಂತ 2007ರಲ್ಲಿ ನಿರ್ಣಯ ಮಾಡಿದರು. 2024ರ ಕೊನೆಗೆ ಸಹಕಾರ ಸಂಘ ಕಟ್ಟಿ, ಒಂದು ಪಾಲಿಗೆ 850 ಯುರೋ ಹಾಗೆ ಎರಡು ಕೋಟಿ ತೊಂಬತ್ತು ಲಕ್ಷ ಯುರೋ ಹತ್ತಿರ ಎತ್ತಿದರು, ಸ್ಟೇಡಿಯಂನ ಬಹುಪಾಲು ಕೊಳ್ಳೋದಕ್ಕೆ. ಸೇರಿದವರು 21,000ಕ್ಕೂ ಹೆಚ್ಚು ಜನ. ಎಷ್ಟೇ ಪಾಲು ತಗೊಳ್ಳಿ, ಮತ ಒಂದೇ. (850 ಯುರೋ ಬಡವರ ಜೇಬಲ್ಲಿ ಇರಲ್ಲ ಅನ್ನೋದೂ ಗೊತ್ತು, ಸ್ವರ್ಗ ಅಂತ ಹೇಳ್ತಿಲ್ಲ.) ಬೋರ್ಡ್ ಮೇಲೆ ಯಾರ ಹೆಸರು ಅಂತ ಕೇಳಿದವರೇ ಮುಂದೆ ಜಾಗ ಯಾರದು ಅಂತಲೂ ಕೇಳಿದರು. ಎರಡೂ ಒಂದೇ ಜಗಳ.

ನಮ್ಮಲ್ಲಿ? ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳು, ತನ್ನ ಕಾಲದ ಅತಿ ದೊಡ್ಡ ಬೌಲರ್. ಪುಣೆಯಲ್ಲಿ ಮೈದಾನದೊಳಗೆ ಅವರ ಕೈಯ ಚೆಂಡು ಬೇಕಿತ್ತು, ಟೀ ಮಾತ್ರ ಪೆವಿಲಿಯನ್ ಹೊರಗೆ ಮಣ್ಣಿನ ಲೋಟದಲ್ಲಿ. 1937ರಲ್ಲಿ ಬಾಬಾಸಾಹೇಬರ ವಿರುದ್ಧ ಚುನಾವಣೆಗೆ ನಿಂತು ಸೋತರು, ಅದು ಗೊತ್ತಿದ್ದೇ ಕೇಳ್ತಿದ್ದೀನಿ. ಅವರ ಹೆಸರಿನ ಒಂದು ದೊಡ್ಡ ಸ್ಟೇಡಿಯಂ ತೋರಿಸಿ. ಕರ್ನಾಟಕದಲ್ಲೇ ತೋರಿಸಿ.

ಮತ್ತೆ ನಿಮ್ಮೂರ ಮೈದಾನಕ್ಕೆ ಹೋಗಿ ಬೋರ್ಡ್ ಓದಿ. "ದಾನಿಗಳು" ಅಂತ ಬರೆದಿದ್ರೆ ಆ ಸರ್ವೆ ನಂಬರಿನ ಹಳೇ ಪಹಣಿ ತೆಗೆಸಿ. ದಾನ ಕೊಟ್ಟವನ ಹೆಸರಿಗೆ ಬರೋ ಮೊದಲು ಆ ಜಾಗ ಯಾರದಿತ್ತು, ಮಂಜೂರಾಗಿದ್ದು ಯಾರಿಗೆ? 1978ರ ಪಿಟಿಸಿಎಲ್ ಕಾಯ್ದೆ ಇರೋದು ಇಂಥದ್ದಕ್ಕೇ. ಸಿಕ್ಕಿದ್ದನ್ನ ಕಾಮೆಂಟ್‌ನಲ್ಲಿ ಹಾಕಿ, ಒಂದೊಂದಾಗಿ ನೋಡೋಣ.