ಹದಿನಾರಾಣೆಯಲ್ಲಿ ಒಂದಾಣೆ



ಊರ ಅರಳಿಕಟ್ಟೆಯ ಮೇಲೆ ಸೇರಿದ ಯುವಕರು ಹಿಂದೆ ಎತ್ತಿನ ಜೋಡಿಯ ಬಗೆಗೆ ವಾದಿಸುತ್ತಿದ್ದರು. ಆಮೇಲೆ ಮೋಟಾರ್ ಸೈಕಲ್ಲಿನ ಬಗೆಗೆ ವಾದಿಸಿದರು. ಇಂದು ವೇಮಗಲ್ಲಿನಂತಹ ಹೋಬಳಿ ಕೇಂದ್ರದಲ್ಲಿಯೂ ಕಂಪ್ಯೂಟರ್ ಆಟದ ರುಚಿ ಬಲ್ಲ ಮಕ್ಕಳ ಬಾಯಲ್ಲಿ ಬರುವುದು ಗ್ರಾಫಿಕ್ಸ್ ಕಾರ್ಡಿನ ಮಾತು. ಹಿರಿಯರು ‘ಆಟದ ಸಾಮಾನಿಗೆ ಇಷ್ಟೊಂದು ಚರ್ಚೆಯೇ?’ ಎಂದು ಎದ್ದುಹೋಗುವುದುಂಟು. ಹಾಗೆ ಎದ್ದುಹೋಗದೆ ಒಂದು ಗಳಿಗೆ ಕುಳಿತು ಕೇಳುವುದು ಒಳಿತೆಂದು ನಾವು ಭಾವಿಸುತ್ತೇವೆ. ಏಕೆಂದರೆ ಆ ವಾದದ ತಿರುಳು ಆಟವಲ್ಲ. ಮಾರುವವನ ಮಾತನ್ನು ಅಳೆಯುವ ಬಗೆ.

ವಾದಕ್ಕೆ ಕಾರಣವಾದ ವಸ್ತುವನ್ನು ಮೊದಲು ತಿಳಿಯೋಣ. ಅಮೆರಿಕದ ಎನ್‌ವಿಡಿಯಾ ಸಂಸ್ಥೆಯು ಜಿಫೋರ್ಸ್ ಆರ್‌ಟಿಎಕ್ಸ್ 5090 ಎಂಬ ಕಾರ್ಡನ್ನು 2025ರ ಜನವರಿ 30ರಂದು ಮಾರುಕಟ್ಟೆಗೆ ತಂದಿತು. ಅದರ ಬೆಲೆ 1,999 ಡಾಲರ್ ಎಂದೂ ಭಾರತದಲ್ಲಿ 2,14,000 ರೂಪಾಯಿ ಎಂದೂ ಆಗ ಸಾರಲಾಯಿತು. ಇದು ಇಡೀ ಕಂಪ್ಯೂಟರಿನ ಬೆಲೆಯಲ್ಲ. ಅದರೊಳಗೆ ಕೂರುವ ಒಂದು ಬಿಡಿಭಾಗದ ಬೆಲೆ. ರೇಷ್ಮೆಗೂಡನ್ನೋ ಟೊಮೆಟೊವನ್ನೋ ನೆಚ್ಚಿದ ಮನೆಗೆ ಇದು ಎಷ್ಟು ದೊಡ್ಡ ಮೊತ್ತವೆಂಬುದನ್ನು ನಾವು ಹೇಳಬೇಕಾಗಿಲ್ಲ.

ಈ ಕಾರ್ಡಿನ ಕಾಯಕ ಚಿತ್ರ ಬಿಡಿಸುವುದು. ಕಂಪ್ಯೂಟರಿನ ಪರದೆಯು ಸಣ್ಣ ಸಣ್ಣ ಚುಕ್ಕೆಗಳಿಂದ ಆದುದು. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕೆಗಳಿದ್ದರೆ, ‘4ಕೆ’ ಎಂದು ಕರೆಯುವ ಪರದೆಯಲ್ಲಿ ಸುಮಾರು 83 ಲಕ್ಷ. ಆಟ ಸರಾಗವಾಗಿ ಓಡಬೇಕಾದರೆ ಸೆಕೆಂಡಿಗೆ 60 ಬಾರಿಯಾದರೂ ಚಿತ್ರ ಬದಲಾಗಬೇಕು. ಎಂದರೆ ಒಂದೊಂದು ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕು. ಇಷ್ಟು ಲೆಕ್ಕವನ್ನು ಏಕಕಾಲಕ್ಕೆ ಮಾಡಲು ಈ ಕಾರ್ಡಿನಲ್ಲಿ 21,760 ಸಣ್ಣ ಗಣಕ ಘಟಕಗಳನ್ನು ಅಡಕಗೊಳಿಸಿದ್ದಾರೆ.

ವಿವಾದ ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಎಲ್ಲ ಚುಕ್ಕೆಗಳನ್ನೂ ಲೆಕ್ಕ ಹಾಕುವ ಬದಲು, ಕೆಲವನ್ನು ಲೆಕ್ಕ ಹಾಕಿ ಉಳಿದುದನ್ನು ಕೃತಕ ಬುದ್ಧಿಮತ್ತೆಯಿಂದ ಊಹಿಸುವ ಏರ್ಪಾಡು ಇದರಲ್ಲಿದೆ. ಚಿಕ್ಕ ಚಿತ್ರವೊಂದನ್ನು ಬಿಡಿಸಿ ಅದನ್ನು ನಾಲ್ಕು ಪಟ್ಟು ಚುಕ್ಕೆಗಳಿಗೆ ಹಿಗ್ಗಿಸುವುದು ಮೊದಲನೆಯದು. ಹಾಗೆ ಸಿದ್ಧವಾದ ಒಂದು ಚಿತ್ರಕ್ಕೆ ಮೂರು ಊಹೆಯ ಚಿತ್ರಗಳನ್ನು ಸೇರಿಸುವುದು ಎರಡನೆಯದು. ಕಾಲುಭಾಗದಲ್ಲಿ ಮತ್ತೆ ಕಾಲುಭಾಗವೆಂದರೆ ಹದಿನಾರರಲ್ಲಿ ಒಂದು. ಹಳೆಯ ನಾಣ್ಯದ ಲೆಕ್ಕದಲ್ಲಿ ಹೇಳುವುದಾದರೆ, ಪರದೆಯ ಮೇಲೆ ಕಾಣುವ ಒಂದು ರೂಪಾಯಿಯಲ್ಲಿ ಯಂತ್ರ ನಿಜವಾಗಿ ದುಡಿದದ್ದು ಒಂದಾಣೆ. ಉಳಿದ ಹದಿನೈದಾಣೆ ಊಹೆ. ‘ಹದಿನಾರಾಣೆ ಸತ್ಯ’ ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಇದು ವಿಚಿತ್ರವಾಗಿ ತೋರುವುದು ಸಹಜ.

ಯುವಕರು ಇಲ್ಲಿ ಎರಡು ಪಂಗಡಗಳಾಗುತ್ತಾರೆ. ‘ಇವು ಹುಸಿ ಚಿತ್ರಗಳು, ಇವನ್ನು ಎಣಿಸಿ ವೇಗ ಹೆಚ್ಚಿತೆನ್ನುವುದು ಮೋಸ’ ಎಂದು ಒಂದು ಪಂಗಡ. ‘ಕಣ್ಣಿಗೆ ಅಂತರ ತಿಳಿಯದಿದ್ದರೆ ಯಾವ ದಾರಿಯಿಂದ ಬಂದರೇನು? ಆಟದ ಚಿತ್ರವೆಲ್ಲವೂ ಕೃತಕವೇ ಅಲ್ಲವೇ?’ ಎಂದು ಇನ್ನೊಂದು. ಎರಡರಲ್ಲಿಯೂ ಹುರುಳಿದೆ. ಆದರೆ ಒಂದಂಶವನ್ನು ಮರೆಯುವಂತಿಲ್ಲ. ಆಡುವವನ ಬೆರಳಿಗೆ ಯಂತ್ರ ಓಗೊಡುವುದು ಲೆಕ್ಕ ಹಾಕಿದ ಚಿತ್ರದಲ್ಲಿಯೇ ಹೊರತು ಊಹೆಯ ಚಿತ್ರದಲ್ಲಲ್ಲ. 30 ಚಿತ್ರಗಳನ್ನು 120 ಮಾಡಿ ತೋರಿಸಿದರೆ ನೋಟ ನಯವಾಗುತ್ತದೆ. ಕೈಗೆ ಸಿಗುವ ಉತ್ತರ 30ರದೇ. ಅದೂ ಮುಂದಿನ ನಿಜಚಿತ್ರಕ್ಕಾಗಿ ಕಾಯಬೇಕಾದುದರಿಂದ ತುಸು ತಡವಾಗಿಯೇ ಸಿಗುತ್ತದೆ.

ಇದೇ ಸರಣಿಯ 5070 ಎಂಬ ಕಾರ್ಡಿನ ಸಂಗತಿ ಇನ್ನೂ ಬೋಧಪ್ರದ. 549 ಡಾಲರಿನ ಈ ಕಾರ್ಡು ಹಿಂದಿನ 1,599 ಡಾಲರಿನ 4090ರ ಸಾಮರ್ಥ್ಯವನ್ನು ಕೊಡುತ್ತದೆಂದು ಸಂಸ್ಥೆಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು 2025ರ ಜನವರಿಯಲ್ಲಿ ವೇದಿಕೆಯ ಮೇಲಿಂದ ಹೇಳಿದರು. ಕೃತಕ ಬುದ್ಧಿಮತ್ತೆಯಿಂದ ಇದು ಸಾಧ್ಯವಾಯಿತೆಂದೂ ಹೇಳಿದರು. ಮಾರ್ಚಿಯಲ್ಲಿ ಕಾರ್ಡು ಕೈಗೆ ಬಂದಾಗ, ಊಹೆಯ ಚಿತ್ರಗಳನ್ನು ಬದಿಗಿಟ್ಟು ಅಳೆದವರಿಗೆ ಅದು 4090ಕ್ಕಿಂತ ಬಹಳ ಹಿಂದೆ ಉಳಿದುದು ಕಂಡಿತು.

ನಮ್ಮ ಕೋಲಾರದ ಸೀಮೆಯವರಿಗೆ ಈ ಬಗೆಯ ಅಳತೆ ಹೊಸದೇನಲ್ಲ. ಹಾಲಿನ ಡೈರಿಯಲ್ಲಿ ಕ್ಯಾನು ತುಂಬಿದೆಯೆಂದು ಯಾರೂ ಹಣ ಎಣಿಸಿಕೊಡುವುದಿಲ್ಲ. ಡಿಗ್ರಿ ನೋಡುತ್ತಾರೆ, ಫ್ಯಾಟು ನೋಡುತ್ತಾರೆ. ಸೆಕೆಂಡಿಗೆ ಎಷ್ಟು ಚಿತ್ರವೆಂಬುದು ಲೀಟರಿನ ಲೆಕ್ಕ. ಅದರಲ್ಲಿ ಲೆಕ್ಕ ಹಾಕಿದ್ದೆಷ್ಟು, ಊಹಿಸಿದ್ದೆಷ್ಟು ಎಂಬುದು ಫ್ಯಾಟಿನ ಲೆಕ್ಕ. ಎರಡನ್ನೂ ಕೇಳುವ ಯುವಕನನ್ನು ವಾಚಾಳಿಯೆಂದು ಜರೆಯಬಾರದು. ಅವನು ತನ್ನ ಅಜ್ಜಿ ಡೈರಿಯಲ್ಲಿ ನಿತ್ಯ ಮಾಡುವ ಕೆಲಸವನ್ನೇ ಮಾಡುತ್ತಿದ್ದಾನೆ.

ಇನ್ನು ಖರ್ಚಿನ ಲೆಕ್ಕ. ಊಹೆಯನ್ನು ಬಿಟ್ಟು ನೋಡಿದರೆ 5090ರ ವೇಗವು 4090ಕ್ಕಿಂತ ಸಾಮಾನ್ಯವಾಗಿ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಹೆಚ್ಚು. 2022ರಲ್ಲಿ ಭಾರತದಲ್ಲಿ 4090ರ ಆರಂಭದ ಬೆಲೆ 1,55,000 ರೂಪಾಯಿ ಇತ್ತು. ಹೊಸದರ ಆರಂಭದ ಬೆಲೆ ಅದಕ್ಕಿಂತ 59,000 ರೂಪಾಯಿ, ಎಂದರೆ ಶೇಕಡಾ 38ರಷ್ಟು ಅಧಿಕ. ಸೋಜಿಗವೆಂದರೆ ಆ ಹೆಚ್ಚುವರಿ ಹಣವೇ ಇಡೀ ಒಂದು 5070 ಕಾರ್ಡಿನ ಆರಂಭದ ಬೆಲೆಗೆ ಸಮ. ವಿದ್ಯುತ್ತಿನ ಬೇಡಿಕೆಯೂ 450 ವ್ಯಾಟಿನಿಂದ 575 ವ್ಯಾಟಿಗೆ ಏರಿತು. 9 ವ್ಯಾಟಿನ 60ಕ್ಕೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ಒಟ್ಟಿಗೆ ಉರಿಸಿದಂತೆ ಇದು. ಪೂರ್ಣ ಹೊರೆಯಲ್ಲಿ ದಿನಕ್ಕೆ 4 ಗಂಟೆ ಆಡಿದರೆ ಕಾರ್ಡೊಂದಕ್ಕೇ ತಿಂಗಳಿಗೆ 69 ಯೂನಿಟ್. ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ 200 ಯೂನಿಟ್ ಎಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ. ಜೊತೆಗೆ 1,000 ವ್ಯಾಟಿನ ವಿದ್ಯುತ್ ಪೂರೈಕೆ ಪೆಟ್ಟಿಗೆ ಬೇಕು. ಕಾರ್ಡಿಗೆ ವಿದ್ಯುತ್ ಒಯ್ಯುವ ಪ್ಲಗ್ಗು ಕರಗಿದ ಪ್ರಕರಣಗಳು 2022ರಲ್ಲಿ 4090ರಲ್ಲಿಯೂ 2025ರಲ್ಲಿ 5090ರಲ್ಲಿಯೂ ವರದಿಯಾದುದರಿಂದ, ಅದನ್ನು ಕೊನೆಯವರೆಗೆ ಒತ್ತಿ ಕೂರಿಸುವ ಎಚ್ಚರವೂ ಬೇಕು.

‘ಇದು ಬರೀ ಆಟಕ್ಕಲ್ಲ, ಕಲಿಕೆಗೂ ಬೇಕು’ ಎಂದು ಮಗ ಹೇಳಿದರೆ ಅದು ಸುಳ್ಳೆಂದು ತಳ್ಳಬೇಡಿರಿ. ಯಂತ್ರ ವಿನ್ಯಾಸ, ಅನಿಮೇಷನ್, ಕೃತಕ ಬುದ್ಧಿಮತ್ತೆಯ ಅಭ್ಯಾಸ ಇವೆಲ್ಲ ಇಂತಹ ಕಾರ್ಡುಗಳ ಮೇಲೆಯೇ ನಡೆಯುತ್ತವೆ. ವೇಮಗಲ್ಲಿನ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಘಟಕದಲ್ಲಿ ಜೋಡಣೆಯಾದ ಟಿಸ್ಯಾಟ್-1ಎ ಉಪಗ್ರಹವು 2024ರ ಏಪ್ರಿಲ್ ತಿಂಗಳಲ್ಲಿ ಬಾಹ್ಯಾಕಾಶ ಸೇರಿದೆ. ಅಂತಹ ಊರಿನ ಮಕ್ಕಳು ಇಂತಹ ವಿದ್ಯೆಗೆ ಆಸೆಪಡುವುದು ಸಂತೋಷದ ವಿಷಯವೇ ಸರಿ. ಆದರೆ ಕಲಿಕೆಯ ಆರಂಭಕ್ಕೆ ಅತ್ಯುಚ್ಚ ದರ್ಜೆಯ ಕಾರ್ಡು ಬೇಕಿಲ್ಲ; ಅದೇ ಸಂಸ್ಥೆಯ ಕೆಳದರ್ಜೆಯ ಕಾರ್ಡಿನಲ್ಲಿಯೂ ಅದೇ ಪಾಠಗಳು ನಡೆಯುತ್ತವೆ.

ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೊರಡುವ ಮುನ್ನ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿರಿ. ಮನೆಯಲ್ಲಿರುವ ಪರದೆ ಎಷ್ಟು ಚುಕ್ಕೆಯದು? ಊಹೆಯನ್ನು ಕಳೆದರೆ ಕಾರ್ಡಿನ ವೇಗವೆಷ್ಟು? ವರ್ಷಕ್ಕೆ ಕರೆಂಟಿನ ಬಿಲ್ಲು ಎಷ್ಟಾದೀತು? ಪರದೆ ಫುಲ್ ಎಚ್‌ಡಿಯಾಗಿದ್ದರೆ ಎರಡು ಲಕ್ಷದ ಕಾರ್ಡಿನ ಬಹುಪಾಲು ಶಕ್ತಿ ಸುಮ್ಮನೆ ಕುಳಿತಿರುತ್ತದೆ. ಉತ್ತರವನ್ನು ಅವರೇ ಕಾಗದದ ಮೇಲೆ ಬರೆದು ತೋರಿಸಲಿ. ಹಾಗೆ ಬರೆದು ತೋರಿಸಬಲ್ಲ ಮಕ್ಕಳು ಕೊಳ್ಳುವ ವಸ್ತು ಯಾವುದೇ ಇರಲಿ, ಮನೆಯ ಹಣ ವ್ಯರ್ಥವಾಗುವ ಭಯ ಕಡಿಮೆ.